ಹಳೆಯ ನಾಗಸ್ವರಕ್ಕೆ ವಾರ್ನಿಷ್ ಬಳಿಯುವವರಿಗೆ

ಮೊನ್ನೆ ನಾದಿನಿಯ ಮೊಮ್ಮಗ ಹಳೆಯ ಸಾಮಾನಿನ ಅಂಗಡಿಯಿಂದ ತಂದ ನಾಗಸ್ವರವನ್ನು ಹೆಮ್ಮೆಯಿಂದ ತೋರಿಸಿದ. ಮರಳುಕಾಗದದಿಂದ ಉಜ್ಜಿ, ವಾರ್ನಿಷ್ ಬಳಿದು, ಹೊಸ ಕುರ್ಚಿಯ ಕಾಲಿನಂತೆ ಮಾಡಿಟ್ಟಿದ್ದ. ಬೆರಳು ಆಡಿ ಆಡಿ ರಂಧ್ರದ ಅಂಚು ಸವೆದಿರುತ್ತದೆ, ಎಣ್ಣೆ ಕುಡಿದು ಮರ ಕಪ್ಪಾಗಿರುತ್ತದೆ. ಸಂಗ್ರಹಿಸುವವರು ಹಣ ಕೊಡುವುದೇ ಅದಕ್ಕೆ. ಕೆಳಗಿನ ಐದು ರಂಧ್ರಗಳಲ್ಲಿದ್ದ ಮೇಣವನ್ನೂ ಕೊಳೆಯೆಂದು ಕೆರೆದಿದ್ದಾನೆ! ಬೆರಳಿಡುವ ರಂಧ್ರಗಳು ಏಳೇ. ಉಳಿದವುಗಳಲ್ಲಿ ಮೇಣವಿಟ್ಟು ಶ್ರುತಿ ಸರಿಮಾಡಿಕೊಳ್ಳುತ್ತಾರೆ.

ನಮ್ಮ ಮಾವನವರು ವಾಲಗ ಊದುತ್ತಿದ್ದವರು. ಅವರ ವಾದ್ಯ ಕುಂಭಕೋಣದ ಹತ್ತಿರದ ನರಸಿಂಗಂಪೇಟೆಯದು. ಆ ಊರಿನ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಅಲ್ಲಿ ಬಳಸುವುದು ಆಚ್ಚಾ ಮರ, ನಮ್ಮ ಕಮರ. ಕೆಡವಿದ ಹಳೆಯ ಮನೆಯ ಕಂಬ, ತೊಲೆಗಳನ್ನು ಹುಡುಕಿ ತರುತ್ತಾರೆ. ಅಷ್ಟು ವರ್ಷ ಒಣಗಿದ ಮರವೂ ಸುಮ್ಮನಿರುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲದೆ ವಾದ್ಯ ಮೂಲೆ ಸೇರಿದರೆ, ಶ್ರಾವಣದಲ್ಲಿ ಮಾವನವರು ಮೊದಲ ದಿನ ನಾಲ್ಕು ಉಸಿರು ಊದಿ ಇಟ್ಟುಬಿಡುತ್ತಿದ್ದರು. ಉಸಿರಿನ ತೇವಕ್ಕೆ ಒಳಗಿನ ಮರ ಉಬ್ಬುತ್ತದೆ, ಹೊರಗಿನದು ಒಣಗಿಯೇ ಇರುತ್ತದೆ. ಸೀಳು ಬಿಡುವುದು ಆಗಲೇ. ನೀವು ತಂದ ದಿನವೇ ಗಂಟೆಗಟ್ಟಲೆ ಊದಿ ವಿಡಿಯೊ ಮಾಡುತ್ತೀರಿ.

ಇನ್ನು ವಾದ್ಯದ ಒಳಗೆ ಹಚ್ಚುವ ಎಣ್ಣೆ. ಎಳ್ಳೆಣ್ಣೆಯೇ ಆಗಬೇಕು. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಅಗಸೆ ಎಣ್ಣೆ ಒಣಗಿ ಒಳಗೇ ಪದರ ಕಟ್ಟುತ್ತದೆ. ಮೆತ್ತಗಾದ ಹಳೆಯ ಪಂಚೆಯಿಂದ ಒಂದು ಪಟ್ಟಿ ಹರಿದುಕೊಳ್ಳಿ, ಅಂಚಿನ ಸಡಿಲ ನೂಲನ್ನೆಲ್ಲ ಕಿತ್ತುಹಾಕಿ. ಪಟ್ಟಿಯ ಎರಡೂ ತುದಿಗೆ ದಾರ ಕಟ್ಟಿ. ಎರಡೂ ತುದಿಗೆ ಎಂದರೆ ಎರಡೂ ತುದಿಗೆ. ವಾದ್ಯದ ಹೊಟ್ಟೆ ಮೇಲೆ ಕಿರಿದು, ಕೆಳಗೆ ಅಗಲ. ಅನಸಿನ, ಅಂದರೆ ಕೆಳತುದಿಯ ಅಗಲ ಬಾಯಿಯ ಕಡೆಯಿಂದ ಬಟ್ಟೆ ಎಳೆದರೆ ಮೇಲೆ ಹೋದಂತೆ ಬಿಗಿಯುತ್ತದೆ, ಸಿಕ್ಕಿಕೊಂಡರೆ ಹಿಂದಕ್ಕೆಳೆಯಲು ಬಾಲದ ದಾರ ಬೇಕು. ಇಲ್ಲದಿದ್ದರೆ ಕಬ್ಬಿಣದ ಸರಳು ತೂರಿಸಿ ಒಳಗನ್ನೆಲ್ಲ ಗೀರುತ್ತೀರಿ, ನಾನು ಕಂಡಿದ್ದೇನೆ. ಮೊದಲು ಒಣ ಬಟ್ಟೆ ಎಳೆದು ಧೂಳು ತೆಗೆಯಿರಿ. ಆಮೇಲೆ ಕಿರುಬೆರಳ ಉಗುರಿನ ಮೇಲೆ ನಿಲ್ಲುವಷ್ಟು ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಬಟ್ಟೆಗೆ ತಿಕ್ಕಿ, ನಿಧಾನವಾಗಿ ಎಳೆಯಿರಿ. ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ: ಎಣ್ಣೆ ಹಚ್ಚಿದ ಮಗುವಿನ ಕೆನ್ನೆಯ ಹಾಗೆ ಮಿನುಗಬೇಕು, ಒದ್ದೆಯಾಗಿ ಕಾಣಬಾರದು. ರಾತ್ರಿ ಅಡ್ಡಡ್ಡ ಮಲಗಿಸಿ, ಬೆಳಿಗ್ಗೆ ಒಣ ಬಟ್ಟೆ ಇನ್ನೊಮ್ಮೆ ಎಳೆಯಿರಿ. ಅದನ್ನು ಮರೆತರೆ ಉಳಿದ ಎಣ್ಣೆಗೆ ಧೂಳು ಕಚ್ಚುತ್ತದೆ.

ಮೇಲ್ತುದಿಯ ಲೋಹದ ಕೊಳವೆ, ಅದೇ ಕೆಂಡೆ, ಹಸಿರುಗಟ್ಟಿದ್ದರೆ ಬಿಚ್ಚಿ ತೊಳೆಯಿರಿ. ವಾದ್ಯದಲ್ಲೇ ಹುಣಸೆಹಣ್ಣು ತಿಕ್ಕಿದರೆ ಹುಳಿನೀರು ಮರಕ್ಕೆ ಇಳಿಯುತ್ತದೆ. ದೇವರ ದೀಪವನ್ನೂ ನೀವು ಹುಣಸೆಯಲ್ಲಿ ಉಜ್ಜಿ ಹಾಗೆಯೇ ಬೋರಲು ಹಾಕುತ್ತೀರಿ, ಮರುದಿನ ಕಲೆ ಎಂದು ಗೊಣಗುತ್ತೀರಿ. ತೊಳೆದ ಕೂಡಲೇ ಒರೆಸಬೇಕು ಎಂದು ಎಷ್ಟು ಸಲ ಹೇಳಲಿ?

ಕೊಳ್ಳುವಾಗ ಸುದ್ದಿಪತ್ರಿಕೆಯ ಮೇಲೆ ಮೆಲ್ಲಗೆ ತಟ್ಟಿ ನೋಡಿ. ಹೊಸ ಹಿಟ್ಟು ಉದುರಿದರೆ ಒಳಗೆ ಹುಳುವಿದೆ, ಮನೆಯ ಬೇರೆ ಮರದ ಸಾಮಾನಿನ ಹತ್ತಿರ ಇಡಬೇಡಿ. ಸೀಳಿದ್ದರೆ ಅಂಟು ಸುರಿಯದೆ ನೂಲು ಸುತ್ತಿ ಕಸುಬುದಾರನಿಗೆ ಕೊಡಿ. ಶೋಕೇಸಿನ ದೀಪದ ಕೆಳಗೂ ಬೇಡ, ಪ್ಲಾಸ್ಟಿಕ್ ಚೀಲದಲ್ಲೂ ಬೇಡ. ಹತ್ತಿಬಟ್ಟೆ ಸಾಕು.

ವಾದ್ಯಕ್ಕೆ ದಾರದಲ್ಲಿ ತೂಗುವ ಗೊಂಚಲು, ಬಾಯಲ್ಲಿಟ್ಟು ಊದಿ ನಾದ ಹುಟ್ಟಿಸುವ ಸೀವಾಳಿಗಳು, ಅವನ್ನು ಸರಿಮಾಡುವ ಸೂಜಿ, ಎಲ್ಲಿ ಎಂದು ಹುಡುಗನನ್ನು ಕೇಳಿದೆ. ಹಳೆಯ ಕಡ್ಡಿಗಳಲ್ಲವೇ ಅಜ್ಜಿ, ಕಸಕ್ಕೆ ಹಾಕಿದೆ ಎಂದ.