ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ನಿಲ್ಲುತ್ತಿಲ್ಲವೇ? ಬ್ಯಾಟರಿ ಬದಲಿಸುವ ಮೊದಲು ಇಷ್ಟು ನೋಡಿ

ಜೂನ್ ಶುರುವಾದರೆ ನಮ್ಮ ಉತ್ತರ ಕನ್ನಡದಲ್ಲಿ ಘಟ್ಟದ ಮೇಲೂ ಕೆಳಗೂ ಒಂದೇ ಕಥೆ. ಎಲ್ಲೋ ಕಾಡಿನೊಳಗೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟುಗಳಿವೆ. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ಘಟಕಗಳಿವೆ. ಆದರೂ ಮಳೆಗಾಲದಲ್ಲಿ ಸಂಜೆ ಮೇಣದಬತ್ತಿ ಹುಡುಕುವುದು ನಮಗೆ ತಪ್ಪಿಲ್ಲ. ಹಾಗಾಗಿ ಶಿರಸಿ, ಯಲ್ಲಾಪುರದ ಹಳ್ಳಿಗಳಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರಿಗೆ ಲ್ಯಾಪ್‌ಟಾಪ್ ಬ್ಯಾಟರಿ ಅಂದರೆ ಬರೀ ಬ್ಯಾಟರಿಯಲ್ಲ, ಅದೇ ಅವರ ಯುಪಿಎಸ್. ಅದು ಹತ್ತು ನಿಮಿಷಕ್ಕೆ ಕೈಕೊಟ್ಟರೆ ಆವತ್ತಿನ ಕೆಲಸ ಮುಗಿದಂತೆ.

ಇಂಥ ಹೊತ್ತಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ‘ಬ್ಯಾಟರಿ ಹೋಯ್ತು, ಹೊಸದು ಹಾಕ್ಸಿ.’ ಇರಬಹುದು. ಆದರೆ ದುಡ್ಡು ಕೊಡುವ ಮೊದಲು ಅಳೆದು ನೋಡಿ. ಅಳೆಯುವುದಕ್ಕೆ ಒಂದು ರೂಪಾಯಿಯೂ ಬೇಡ. ತಪ್ಪು ಅಡಾಪ್ಟರ್‌ನದ್ದೋ, ಸೆಟ್ಟಿಂಗ್‌ನದ್ದೋ ಆಗಿದ್ದರೆ ಹೊಸ ಬ್ಯಾಟರಿ ಹಾಕಿದರೂ ಅದೇ ಪಾಡು.

ಮೊದಲು ಉಬ್ಬಿದೆಯಾ ನೋಡಿ

ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಡಿ. ಅಲುಗಾಡುತ್ತದೆಯೇ? ಟಚ್‌ಪ್ಯಾಡ್ ಮೇಲೆದ್ದಿದೆಯೇ, ಒತ್ತಿದರೆ ಕ್ಲಿಕ್ ಆಗುತ್ತಿಲ್ಲವೇ? ತಳದ ಮುಚ್ಚಳದ ಅಂಚಿನಲ್ಲಿ ಸಂದು ಬಿಟ್ಟಿದೆಯೇ? ಹೌದಾದರೆ ಒಳಗೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಜಾಸ್ತಿ. ಮುಂದಿನ ಯಾವ ಪರೀಕ್ಷೆಯೂ ಬೇಡ. ಆಫ್ ಮಾಡಿ, ಚಾರ್ಜರ್ ತೆಗೆದು, ಮತ್ತೆ ಚಾರ್ಜ್‌ಗೆ ಹಾಕದೆ ರಿಪೇರಿಯವರ ಹತ್ತಿರ ಕೊಡಿ. ಒತ್ತಿ ಕೂರಿಸುವುದು, ಸೂಜಿ ಚುಚ್ಚಿ ಗಾಳಿ ಬಿಡುವುದು ಇವೆಲ್ಲ ಬೆಂಕಿಗೆ ದಾರಿ. ಒಳಗಿರುವುದು ಬರೀ ಗಾಳಿಯಲ್ಲ, ಹೊತ್ತಿಕೊಳ್ಳುವ ದ್ರವವೂ ಇದೆ.

ಬ್ಯಾಟರಿಯ ಲೆಕ್ಕ ತೆಗೆಯಿರಿ

ಉಬ್ಬಿಲ್ಲವಾದರೆ ಈಗ ಲೆಕ್ಕ. ವಿಂಡೋಸ್ ತಾನೇ ಬ್ಯಾಟರಿಯ ಜಾತಕ ಬರೆದಿಟ್ಟುಕೊಂಡಿರುತ್ತದೆ. ಸ್ಟಾರ್ಟ್ ಒತ್ತಿ, ಇಂಗ್ಲಿಷಿನಲ್ಲಿ ಸಿ-ಎಂ-ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಪಿ-ಓ-ಡಬ್ಲ್ಯೂ-ಇ-ಆರ್-ಸಿ-ಎಫ್-ಜಿ ಎಂದು ಸೇರಿಸಿ ಬರೆದು, ಒಂದು ಜಾಗ ಬಿಟ್ಟು, ಓರೆ ಗೆರೆ (/) ಹಾಕಿ, ಅದಕ್ಕೆ ಅಂಟಿಸಿ ‘ಬ್ಯಾಟರಿ ರಿಪೋರ್ಟ್’ ಎಂಬ ಎರಡು ಪದಗಳನ್ನು ನಡುವೆ ಜಾಗ ಬಿಡದೆ ಇಂಗ್ಲಿಷಿನಲ್ಲಿ ಬರೆಯಿರಿ. ಎಂಟರ್ ಒತ್ತಿದರೆ ಫೈಲ್ ಎಲ್ಲಿ ಕೂತಿದೆ ಎಂದು ಅದೇ ಹೇಳುತ್ತದೆ. ಸಾಮಾನ್ಯವಾಗಿ ನಿಮ್ಮ ಹೆಸರಿನ ಫೋಲ್ಡರಿನಲ್ಲೇ ಇರುತ್ತದೆ. ಬ್ರೌಸರ್‌ನಲ್ಲಿ ತೆರೆಯಿರಿ.

ಉದ್ದನೆಯ ಪುಟ ನೋಡಿ ಹೆದರಬೇಡಿ. ನಮಗೆ ಬೇಕಾದ್ದು ಎರಡೇ ಸಾಲು. ‘ಡಿಸೈನ್ ಕೆಪ್ಯಾಸಿಟಿ’ ಅಂದರೆ ಹೊಸದರಲ್ಲಿ ಎಷ್ಟು ಹಿಡಿಯಬೇಕಿತ್ತು ಎಂಬುದು. ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಅಂದರೆ ಈಗ ತುಂಬಿಸಿದರೆ ಎಷ್ಟು ಹಿಡಿಯುತ್ತದೆ ಎಂಬುದು. ಮೊದಲನೆಯದು 42,000, ಎರಡನೆಯದು 25,200 ಅಂತಿದ್ದರೆ ನಿಮ್ಮ ಬ್ಯಾಟರಿಯಲ್ಲಿ ಉಳಿದಿರುವುದು ಶೇ 60. ಕೆಳಗೆ ‘ಸೈಕಲ್ ಕೌಂಟ್’ ಎಂಬ ಸಾಲೂ ಇರಬಹುದು, ಕೆಲವು ಮಾಡೆಲ್‌ಗಳಲ್ಲಿ ಅದು ಖಾಲಿ ಇರುತ್ತದೆ. ಒಟ್ಟು ಶೇ 100ರಷ್ಟು ಚಾರ್ಜ್ ಖರ್ಚಾದರೆ ಒಂದು ಸೈಕಲ್. ಇವತ್ತು ಅರ್ಧ, ನಾಳೆ ಅರ್ಧ ಖರ್ಚಾದರೂ ಒಂದೇ. ಸಾಮಾನ್ಯ ಲ್ಯಾಪ್‌ಟಾಪ್ ಬ್ಯಾಟರಿ 300ರಿಂದ 500 ಸೈಕಲ್ ಹೊತ್ತಿಗೆ ಶೇ 80ರ ಆಸುಪಾಸಿಗೆ ಇಳಿಯುವುದು ವಾಡಿಕೆ. ಈಚಿನ ಮ್ಯಾಕ್‌ಬುಕ್‌ಗಳಿಗೆ ಆ್ಯಪಲ್ 1000 ಸೈಕಲ್ ಎಂದು ಹೇಳುತ್ತದೆ. ಮ್ಯಾಕ್‌ನಲ್ಲಿ ಕಪ್ಪು ಕಿಟಕಿಯ ಗೊಡವೆಯಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ಅಂತಲೇ ಇದೆ.

ಈಗ ಆ ಶೇಕಡಾವಾರು ಲೆಕ್ಕವನ್ನು ಗಂಟೆಗೆ ಇಳಿಸೋಣ. ನನ್ನ ಪ್ರಕಾರ ನಿರ್ಧಾರ ಆಗಬೇಕಾದ್ದು ಇಲ್ಲೇ. ರಿಪೋರ್ಟ್‌ನ ಅಂಕಿ ಮಿಲಿವಾಟ್-ಅವರ್‌ನಲ್ಲಿರುತ್ತದೆ, ಹಾಗಾಗಿ 25,200 ಎಂದರೆ ಸುಮಾರು 25 ವಾಟ್-ಅವರ್, ಅಂದರೆ 25 ವಾಟ್ ಎಳೆದರೆ ಒಂದು ಗಂಟೆ ಬರುವಷ್ಟು. ಬರೀ ಟೈಪಿಂಗ್, ಮೇಲ್ ಇದ್ದಾಗ ಲ್ಯಾಪ್‌ಟಾಪ್ 10 ವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಎರಡೂವರೆ ಗಂಟೆ ಬಂತು. ವಿಡಿಯೊ ಕಾಲ್, ಪೂರ್ತಿ ಬ್ರೈಟ್‌ನೆಸ್ ಎಲ್ಲ ಸೇರಿ 20 ವಾಟ್ ಆದರೆ ಒಂದೂಕಾಲು ಗಂಟೆ. ನಿಮ್ಮೂರಲ್ಲಿ ಕರೆಂಟ್ ಹೋದರೆ ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಬರುತ್ತದೆ? ಮನೆಯಲ್ಲಿ ಇನ್ವರ್ಟರ್ ಇದೆಯಾ? ಕಾರವಾರ ಪೇಟೆಯಲ್ಲಿ ಅರ್ಧ ಗಂಟೆ ತಳ್ಳಿದರೆ ಸಾಕು ಎನ್ನುವವರಿಗೆ ಶೇ 60ರ ಬ್ಯಾಟರಿ ಇನ್ನೂ ಚೆನ್ನಾಗಿಯೇ ಇದೆ. ಸಿದ್ದಾಪುರದ ಕೊನೆಯ ಹಳ್ಳಿಯಲ್ಲಿ ಇಡೀ ಮಧ್ಯಾಹ್ನ ಕರೆಂಟ್ ಇಲ್ಲದವರಿಗೆ ಶೇ 80 ಇದ್ದರೂ ಸಾಲದು. ಶೇ 50ಕ್ಕಿಂತ ಕೆಳಗಿಳಿದಿದ್ದರೆ ಮಾತ್ರ ನಾನು ಯಾರಿಗಾದರೂ ಬದಲಿಸಿ ಎಂದೇ ಹೇಳುತ್ತೇನೆ.

ಲೆಕ್ಕ ಶೇ 85, 90 ತೋರಿಸುತ್ತಿದೆ, ಆದರೂ ಚಾರ್ಜ್ ನಿಲ್ಲುತ್ತಿಲ್ಲ ಎಂದಾದರೆ ಕಳ್ಳ ಬೇರೆ ಕಡೆ ಇದ್ದಾನೆ. ಮುಂದಕ್ಕೆ ಓದಿ.

ಒಂದು ರಾತ್ರಿ ಬಿಟ್ಟು ನೋಡಿ

ಪೂರ್ತಿ ಚಾರ್ಜ್ ಮಾಡಿ, ಶಟ್‌ಡೌನ್ ಮಾಡಿ, ಅಡಾಪ್ಟರ್ ಕಿತ್ತು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಷ್ಟಿದೆ ನೋಡಿ. ಲಿಥಿಯಂ-ಅಯಾನ್ ಬ್ಯಾಟರಿ ಸುಮ್ನೆ ಇಟ್ಟರೆ ತಿಂಗಳಿಗೆ ಕೆಲವೇ ಶೇಕಡಾ ಇಳಿಯುತ್ತದೆ. ಒಂದು ರಾತ್ರಿಯಲ್ಲಿ ಏನೂ ಕಾಣಬಾರದು. ಶಟ್‌ಡೌನ್ ಮಾಡಿದರೂ ಹತ್ತಿಪ್ಪತ್ತು ಇಳಿದರೆ ಒಳಗೆ ಏನೋ ಎಳೆಯುತ್ತಿದೆ. ಆಫ್ ಇದ್ದಾಗಲೂ ಯುಎಸ್‌ಬಿಯಿಂದ ಮೊಬೈಲ್ ಚಾರ್ಜ್ ಮಾಡುವ ಸೌಲಭ್ಯ ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬೇಕಾದ ಸೆಟ್ಟಿಂಗ್ಸ್) ಆನ್ ಇರುತ್ತದೆ. ಅದನ್ನು ಆಫ್ ಮಾಡಿ, ಇನ್ನೊಂದು ರಾತ್ರಿ ನೋಡಿ.

ಆದರೆ ಹೆಚ್ಚಿನವರು ಶಟ್‌ಡೌನ್ ಮಾಡುವುದೇ ಇಲ್ಲ. ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕುತ್ತಾರೆ. ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಮುಚ್ಚಿದ ಮೇಲೂ ಪೂರ್ತಿ ಮಲಗುವುದಿಲ್ಲ. ಮೊಬೈಲಿನ ಹಾಗೆ ಒಳಗೊಳಗೇ ಎದ್ದು ಮೇಲ್ ನೋಡುತ್ತವೆ, ಅಪ್‌ಡೇಟ್ ಇಳಿಸುತ್ತವೆ. ಕುಮಟಾದಲ್ಲಿ ಬಸ್ ಹತ್ತುವಾಗ ತುಂಬಿದ್ದ ಚಾರ್ಜ್ ದೇವಿಮನೆ ಘಟ್ಟ ಹತ್ತಿ ಶಿರಸಿಯಲ್ಲಿ ಇಳಿಯುವಾಗ ಕರಗಿ, ಬ್ಯಾಗು ಬಿಸಿಯಾಗಿದ್ದರೆ ಕಾರಣ ಇದೇ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ಗೆ ಹೋಗಿ. ಮುಚ್ಚಳ ಮುಚ್ಚಿದರೆ ಏನಾಗಬೇಕು ಎಂಬಲ್ಲಿ ‘ಸ್ಲೀಪ್’ ತೆಗೆದು ‘ಹೈಬರ್ನೇಟ್’ ಇಡಿ, ಅಂದರೆ ತೆರೆದ ಕೆಲಸವನ್ನೆಲ್ಲ ಡಿಸ್ಕಿನಲ್ಲಿ ಉಳಿಸಿ ಆಫ್ ಆಗುವುದು. ತೆರೆಯುವಾಗ ಕೆಲವು ಸೆಕೆಂಡ್ ತಡ, ಅಷ್ಟೇ.

ಅಡಾಪ್ಟರ್, ಪಿನ್ನು, ಗೋಡೆ

ಬ್ಯಾಟರಿ ತುಂಬುತ್ತಲೇ ಇಲ್ಲದಿದ್ದರೆ ಖಾಲಿಯಾಗುವುದರ ಬಗ್ಗೆ ಮಾತಾಡಿ ಏನು ಪ್ರಯೋಜನ? ಅಡಾಪ್ಟರ್ ಮೇಲೆ ಬರೆದ ವಾಟ್ ಓದಿ. 65 ವಾಟ್ ಕೇಳುವ ಯಂತ್ರಕ್ಕೆ ಟೈಪ್-ಸಿ ಪಿನ್ನು ಹೊಂದುತ್ತದೆ ಅಂತ ಮೊಬೈಲಿನ 18 ವಾಟ್ ಚಾರ್ಜರ್ ಚುಚ್ಚಿದರೆ ಆಮೆ ವೇಗದಲ್ಲಿ ತುಂಬುತ್ತದೆ, ಅಥವಾ ತುಂಬುವುದೇ ಇಲ್ಲ. ಕೆಲಸ ಜೋರಿದ್ದರೆ ಚಾರ್ಜರ್ ಹಾಕಿದ್ದಾಗಲೂ ಇಳಿಯುತ್ತದೆ. ಡೆಲ್, ಎಚ್‌ಪಿಯ ದುಂಡು ಪಿನ್ನಿನ ಅಡಾಪ್ಟರ್‌ಗಳಲ್ಲಿ ನಡುವೆ ಒಂದು ತೆಳ್ಳಗಿನ ಸೂಜಿ ಇರುತ್ತದೆ. ‘ನಾನು ಇಂಥ ಅಡಾಪ್ಟರ್’ ಎಂದು ಲ್ಯಾಪ್‌ಟಾಪ್‌ಗೆ ಹೇಳುವುದು ಅದೇ. ಆ ಸೂಜಿ ಬಾಗಿದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗದೇ ಉಳಿಯಬಹುದು. ಒಳ್ಳೆ ಬ್ಯಾಟರಿಯನ್ನು ಬದಲಿಸಿ ಕೈಸುಟ್ಟುಕೊಳ್ಳುವುದು ಇಂಥ ಕಡೆಯೇ. ನೆರೆಮನೆಯಲ್ಲೋ ಆಫೀಸಿನಲ್ಲೋ ಅದೇ ವಾಟಿನ, ಅದೇ ಕಂಪನಿಯ ಅಡಾಪ್ಟರ್ ಇದ್ದರೆ ಒಂದು ಗಂಟೆ ತಂದು ಹಾಕಿ ನೋಡಿ.

ಕಾರವಾರದಿಂದ ಭಟ್ಕಳದವರೆಗೆ ಕಡಲ ಪಕ್ಕದಲ್ಲಿರುವವರಿಗೆ ಇನ್ನೊಂದು ಕೆಲಸ. ಉಪ್ಪುಗಾಳಿ ಕಿಟಕಿಯ ಸರಳನ್ನು ಬಿಟ್ಟಿಲ್ಲ, ಚಾರ್ಜಿಂಗ್ ಪೋರ್ಟನ್ನು ಬಿಡುತ್ತದಾ? ಆಫ್ ಮಾಡಿ, ಟಾರ್ಚ್ ಹಿಡಿದು ಪೋರ್ಟಿನ ಒಳಗೆ ನೋಡಿ. ಹಸಿರೋ ಕಪ್ಪೋ ಕಟ್ಟಿದ್ದರೆ ಒಣಗಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಸೂಜಿ, ಪಿನ್ನು ಹಾಕಿ ಕೆರೆಯಬೇಡಿ. ಜಾಸ್ತಿ ಇದ್ದರೆ ರಿಪೇರಿ ಅಂಗಡಿಯವರು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಕೊಡುತ್ತಾರೆ. ಘಟ್ಟದ ಮೇಲಿನವರಿಗೆ ತೇವದ ಕಾಟ. ಚರ್ಮದ ಬೆಲ್ಟಿಗೆ ಬೂಸ್ಟು ಹಿಡಿಯುವ ಕಪಾಟಿನಲ್ಲಿ ಲ್ಯಾಪ್‌ಟಾಪ್ ಇಡಬೇಡಿ. ಹಾಗಂತ ಒಲೆಯ ಪಕ್ಕ ಒಣಗಿಸಲೂ ಬೇಡಿ.

ವೋಲ್ಟೇಜ್ ಕಮ್ಮಿ, ಅದಕ್ಕೇ ಬ್ಯಾಟರಿ ಹಾಳಾಯ್ತು ಎಂಬ ಮಾತು ನಮ್ಮಲ್ಲಿ ಬಹಳ. ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದು ಬರೆದಿರುತ್ತದೆ, ಓದಿ ನೋಡಿ. ಪಂಪ್‌ಸೆಟ್ ಓಡುವಾಗ ಟ್ಯೂಬ್‌ಲೈಟ್ ಮಿಣುಕಿದರೂ ಅದಕ್ಕೆ ಏನೂ ಆಗದು. ಅಡಾಪ್ಟರನ್ನು ಕೊಲ್ಲುವುದು ಸಿಡಿಲು. ಏಪ್ರಿಲ್-ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಚಾರ್ಜ್ 60ಕ್ಕೋ 80ಕ್ಕೋ ಬಂದು ನಿಂತುಬಿಡುತ್ತಿದ್ದರೆ ಗಾಬರಿ ಬೇಡ. ಬ್ಯಾಟರಿ ಬಾಳಲಿ ಎಂದು ಕಂಪನಿಯವರೇ ಇಟ್ಟ ಮಿತಿ ಆನ್ ಆಗಿರಬಹುದು. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ತಿನ್ನುತ್ತಿರುವುದು ಯಾವ ಆ್ಯಪ್?

ಇದು ಸುಲಭ. ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಆ್ಯಂಡ್ ಬ್ಯಾಟರಿಗೆ ಹೋದರೆ ಯಾವ ಆ್ಯಪ್ ಎಷ್ಟು ತಿಂದಿದೆ ಎಂದು ಪಟ್ಟಿ ಇರುತ್ತದೆ. ಬಹುಪಾಲು ಸಲ ಮೇಲೆ ಕೂತಿರುವುದು ಬ್ರೌಸರ್ರೇ. ತೆರೆದಿಟ್ಟ ಟ್ಯಾಬ್ ಕಡಿಮೆ ಮಾಡಿ, ಬ್ರೈಟ್‌ನೆಸ್ ಇಳಿಸಿ. ಫ್ಯಾನ್ ಸದಾ ಕಿರುಚುತ್ತಿದ್ದರೆ ಒಳಗೆ ದೂಳು ಕಟ್ಟಿರಬಹುದು. ಅಡಿಕೆ ಸುಲಿಯುವ ದಿನಗಳಲ್ಲಿ ಅದೇ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

30 ಇದೆ ಅನ್ನುವಾಗಲೇ ಆಫ್ ಆದರೆ

ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಚಾರ್ಜ್ ಎಷ್ಟಿದೆ ಎಂದು ಹೇಳುವ ಲೆಕ್ಕವೇ ತಪ್ಪಿದೆ. ಪೂರ್ತಿ ತುಂಬಿಸಿ, ತಾನಾಗಿ ಹೈಬರ್ನೇಟ್ ಆಗುವವರೆಗೆ ಬಳಸಿ, ಮತ್ತೆ ನಡುವೆ ತೆಗೆಯದೆ ಪೂರ್ತಿ ತುಂಬಿಸಿ. ಲೆಕ್ಕ ಸರಿಹೋಗುತ್ತದೆ. ತಿಂಗಳು ತಿಂಗಳು ಇದನ್ನು ಮಾಡಬೇಡಿ. ಪೂರ್ತಿ ಖಾಲಿ ಮಾಡುವುದು ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ.

ಇನ್ನೊಂದು ಕಾರಣಕ್ಕೆ ಮದ್ದಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಅಂದರೆ ಸರಣಿಯಲ್ಲಿ ಜೋಡಿಸಿದ ಹಲವು ಸೆಲ್‌ಗಳು, ತುಂಬಾ ಕಡೆ ಮೂರು. ಮೂವರು ಹೊತ್ತ ಮರದ ದಿಮ್ಮಿಯ ಹಾಗೆ. ಒಬ್ಬ ಕುಸಿದರೆ ಉಳಿದಿಬ್ಬರಿಗೆ ಶಕ್ತಿ ಇದ್ದರೂ ಕೆಳಗಿಡಲೇಬೇಕು. ಒಂದು ಸೆಲ್‌ನ ವೋಲ್ಟೇಜ್ ಮಿತಿಗಿಂತ ಕೆಳಗಿಳಿದ ಕ್ಷಣ ಒಳಗಿನ ರಕ್ಷಣಾ ಸರ್ಕ್ಯೂಟ್ ಎಲ್ಲವನ್ನೂ ನಿಲ್ಲಿಸುತ್ತದೆ. ಲೆಕ್ಕ ಸರಿಪಡಿಸಿದ ಮೇಲೂ ಹೀಗೇ ಆಗುತ್ತಿದ್ದರೆ ಬ್ಯಾಟರಿಯ ಆಯುಷ್ಯ ಮುಗಿದಿದೆ. ಒಂದು ಸೆಲ್ ಮಾತ್ರ ಬದಲಿಸಿ ಕೊಡುತ್ತೇವೆ ಎನ್ನುವವರಿಗೆ ಕೈಮುಗಿದು ಮುಂದೆ ಹೋಗಿ.

ಬ್ಯಾಟರಿ ಡ್ರೈವರ್ ತೆಗೆದು ಮತ್ತೆ ಹಾಕುವುದು, ಅಡಾಪ್ಟರ್ ಕಿತ್ತು ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯುವುದು ಮುಂತಾದ ಉಪಾಯಗಳೂ ಇವೆ. ಚಾರ್ಜ್ ಆಗುವುದೇ ನಿಂತಿದ್ದರೆ ಒಮ್ಮೆ ಮಾಡಿ ನೋಡಿ, ನಷ್ಟವಿಲ್ಲ. ಸವೆದ ಬ್ಯಾಟರಿಗೆ ಇದರಿಂದ ಜೀವ ಬರುವುದಿಲ್ಲ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬುದಂತೂ ಶುದ್ಧ ಸುಳ್ಳು. ನೀರಿನ ಪಸೆ ಒಳಗೆ ಹೋಗಿ ಇನ್ನಷ್ಟು ಕೆಡುತ್ತದೆ.

ಬದಲಿಸುವುದೇ ಆದರೆ

ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಹೇಳಿ ತರಿಸಬೇಡಿ. ಒಂದೇ ಮಾಡೆಲ್‌ಗೆ ಎರಡು ಮೂರು ಥರದ ಬ್ಯಾಟರಿ ಇರುತ್ತವೆ. ಹಳೇ ಬ್ಯಾಟರಿಯ ಮೇಲಿರುವ ಪಾರ್ಟ್ ನಂಬರ್, ವೋಲ್ಟ್, ವಾಟ್-ಅವರ್ ಮೂರನ್ನೂ ಫೋಟೊ ತೆಗೆದು ಕಳಿಸಿ. ಕಂಪನಿಯದ್ದೇ ಸಿಕ್ಕರೆ ಒಳ್ಳೆಯದು. ಬೇರೆಯದಾದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಅದರ ಜೊತೆ ಐಎಸ್ 16046 ಎಂಬ ಸಂಖ್ಯೆ ಇದೆಯಾ ನೋಡಿ. ತಯಾರಾದ ದಿನಾಂಕವನ್ನೂ ಓದಿ, ಅಂಗಡಿಯ ಕಪಾಟಿನಲ್ಲಿ ಕೂತೂ ಬ್ಯಾಟರಿಗೆ ವಯಸ್ಸಾಗುತ್ತದೆ. ವಾರಂಟಿ ಕಾಗದವನ್ನೂ ಒಮ್ಮೆ ತೆಗೆದು ನೋಡಿ. ಲ್ಯಾಪ್‌ಟಾಪ್‌ಗೆ ಮೂರು ವರ್ಷ ಇದ್ದರೂ ಬ್ಯಾಟರಿಗೆ ಒಂದೇ ವರ್ಷ ಇರುವುದು ಸಾಮಾನ್ಯ.

ಹಳೆಯದನ್ನು ಹಿತ್ತಿಲಿಗೆ ಎಸೆಯಬೇಡಿ. ಬಚ್ಚಲ ಒಲೆಗಂತೂ ಬೇಡವೇ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ವಿಲೇವಾರಿ ಮಾಡಿಸುವ ಹೊಣೆ ಉತ್ಪಾದಕರದ್ದು. ಹೊಸದು ಹಾಕಿದ ಅಂಗಡಿಯಲ್ಲೇ ಕೊಡಿ. ಆಗದಿದ್ದರೆ ಕನೆಕ್ಟರ್ ಮೇಲೆ ಇನ್ಸುಲೇಶನ್ ಟೇಪ್ ಸುತ್ತಿ, ಬೆಂಕಿ ಬಿಸಿಲು ತಾಗದ ಕಡೆ ಇಟ್ಟು, ಹುಬ್ಬಳ್ಳಿಗೆ ಹೋಗುವಾಗ ಸರ್ವಿಸ್ ಸೆಂಟರ್‌ಗೆ ಒಪ್ಪಿಸಿ.

ಹೊಸದು ಬೇಗ ಸಾಯದಿರಲು

ಎಂಟು ಗಂಟೆ ಚಾರ್ಜ್‌ಗೆ ಹಾಕಿಯೇ ಶುರು ಮಾಡಬೇಕು ಎಂಬುದು ಹಳೇ ಕಾಲದ ಬ್ಯಾಟರಿಗಳ ಮಾತು, ಮರೆತುಬಿಡಿ. ಮನೆಯಿಂದ ಕೆಲಸ ಮಾಡುವವರ ಬ್ಯಾಟರಿ ಹಾಳಾಗುವುದು ಬಳಸಿ ಬಳಸಿ ಅಲ್ಲ, ಇಡೀ ದಿನ 100ರಲ್ಲೇ ಇಟ್ಟು. ಪೂರ್ತಿ ತುಂಬಿದ ಸೆಲ್‌ನಲ್ಲಿ ವೋಲ್ಟೇಜ್ ಸುಮಾರು 4.2 ಇರುತ್ತದೆ. ಆ ಒತ್ತಡದ ಜೊತೆ ಕರಾವಳಿಯ ಸೆಕೆ, ಹಾಸಿಗೆ ಮೇಲಿಟ್ಟ ಲ್ಯಾಪ್‌ಟಾಪಿನ ಬಿಸಿ ಸೇರಿದರೆ ಒಳಗೆ ಬೇಡದ ರಾಸಾಯನಿಕ ಕ್ರಿಯೆಗಳು ನಡೆದು ಲಿಥಿಯಂನ ಒಂದಂಶ ಅಲ್ಲೇ ಸಿಕ್ಕಿಬೀಳುತ್ತದೆ. ಮತ್ತೆ ಅದು ಕೆಲಸಕ್ಕೆ ಬಾರದು.

ಅದಕ್ಕೇ ಚಾರ್ಜ್ ಮಿತಿ. ಲೆನೊವೊದಲ್ಲಿ ವ್ಯಾಂಟೇಜ್ ಆ್ಯಪ್‌ನೊಳಗೆ ‘ಕನ್ಸರ್ವೇಶನ್ ಮೋಡ್’ ಇದೆ. ಏಸಸ್‌ನವರದ್ದು ಮೈಏಸಸ್ ಆ್ಯಪ್‌ನಲ್ಲಿ. ಡೆಲ್, ಎಚ್‌ಪಿಯಲ್ಲಿ ಬಯೋಸ್‌ನ ಬ್ಯಾಟರಿ ಭಾಗದಲ್ಲಿ ಹುಡುಕಿ. 80ಕ್ಕೆ ಇಟ್ಟು ಬಿಟ್ಟುಬಿಡಿ. ಹವಾಮಾನ ಇಲಾಖೆ ಜಿಲ್ಲೆಗೆ ರೆಡ್ ಅಲರ್ಟ್ ಕೊಟ್ಟ ದಿನ ಮಾತ್ರ ಬೆಳಿಗ್ಗೆಯೇ ಮಿತಿ ತೆಗೆದು 100ಕ್ಕೆ ತುಂಬಿಸಿಕೊಳ್ಳಿ, ಜೊತೆಗೆ ಮೊಬೈಲನ್ನೂ. ಕರೆಂಟ್ ಹೋದರೆ ವೈಫೈ ರೂಟರೂ ಹೋಗುತ್ತದೆ, ಆಮೇಲೆ ನೆಟ್ ಬರಬೇಕಾದ್ದು ಮೊಬೈಲಿನಿಂದಲೇ.