ಅಮೆರಿಕದಲ್ಲಿ ಆಂಟೆನಾ ಟೀವಿ ಬದಲಾಗ್ತಿದೆ, ಹೊಸ ಡಬ್ಬಿ ಕೊಳ್ಳೋ ಮುಂಚೆ ಇದನ್ನ ಓದಿ
ಅಮೆರಿಕದಲ್ಲಿರೋ ನಮ್ಮವರು ಎಷ್ಟೋ ಜನ ಕೇಬಲ್ ಬಿಲ್ ಕಟ್ಟಿ ಸಾಕಾಗಿ, ಕಿಟಕಿಗೊಂದು ಆಂಟೆನಾ ಅಂಟಿಸ್ಕೊಂಡು ಎನ್‌ಬಿಸಿ, ಪಿಬಿಎಸ್ ಎಲ್ಲಾ ಪುಕ್ಕಟೆ ನೋಡ್ತಾರೆ, ಈಗ ಅವರಿಗೆಲ್ಲಾ ಒಂದೇ ಗಾಬರಿ, ಟೀವಿ ಪ್ರಸಾರಕ್ಕೆ ಹೊಸ ಸ್ಟ್ಯಾಂಡರ್ಡ್ ಬಂದ್ರೆ ಇದನ್ನ ಬಿಸಾಕ್ಬೇಕಾ ಅಂತ. ಬೇಡ. ಆಂಟೆನಾ ಅದೇ ನಡೆಯುತ್ತೆ, ಬದಲಾಗ್ಬೇಕಿರೋದು ಟ್ಯೂನರ್, ಅಂದ್ರೆ ಟೀವಿಯೊಳಗೆ ಸಿಗ್ನಲ್ ಹಿಡಿಯೋ ಭಾಗ.

ಹೊಸದರ ಹೆಸರು ಎಟಿಎಸ್‌ಸಿ 3.0, ಅಂಗಡೀಲಿ ನೆಕ್ಸ್ಟ್‌ಜೆನ್ ಟೀವಿ ಅಂತಾರೆ. ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2017ರಲ್ಲೇ ಒಪ್ಪಿಗೆ ಕೊಟ್ಟಿದೆ. ವಿಡಿಯೋನ ಚಿಕ್ಕದಾಗಿ ಅದುಮೋ ವಿಧಾನ ಹಳೇದ್ರಲ್ಲಿ ಎಂಪೆಗ್-2, ಇದ್ರಲ್ಲಿ ಇನ್ನೂ ಚೆನ್ನಾಗಿ ಅದುಮೋ ಎಚ್‌ಇವಿಸಿ, ಹಾಗಾಗಿ ಒಂದು ಸ್ಟೇಷನ್‌ಗೆ ಸಿಗೋ ಅದೇ 6 ಮೆಗಾಹರ್ಟ್ಸ್ ಜಾಗದಲ್ಲಿ ತುಂಬಾ ಸ್ಪಷ್ಟವಾದ 4ಕೆ ಚಿತ್ರ ಕೂಡ ಕಳಿಸ್ಬಹುದು, ಆದ್ರೆ ಹಳೇ ಟ್ಯೂನರ್‌ಗೆ ಇದು ಸಿಗೋದೇ ಇಲ್ಲ.

ಚಾನೆಲ್ ಕಾಣೆಯಾದ್ರೆ ಮೊದಲು ರೀಸ್ಕ್ಯಾನ್ ಮಾಡಿ, ಅಂದ್ರೆ ಟೀವಿ ಚಾನೆಲ್‌ಗಳನ್ನ ಹೊಸದಾಗಿ ಹುಡುಕೋ ಹಾಗೆ ಮಾಡಿ. ಹೊಸದಕ್ಕೆ ಹೋದ ಸ್ಟೇಷನ್ನುಗಳು ತಮ್ಮ ಹಳೇ ಸಿಗ್ನಲ್ಲನ್ನ ಅದೇ ಊರಿನ ಇನ್ನೊಂದು ಸ್ಟೇಷನ್ ಜೊತೆ ಹಂಚ್ಕೊಂಡು ಕಳಿಸ್ತಿರ್ತವೆ, ಚಾನೆಲ್ ನಂಬರ್ ಅದೇ ಇದ್ರೂ ಒಳಗೆ ಫ್ರೀಕ್ವೆನ್ಸಿ ಬದಲಾಗಿರುತ್ತೆ, ಟೀವಿಗೆ ಅದು ಗೊತ್ತಾಗಲ್ಲ, ನಾವು ಚಾನೆಲ್ಲೇ ಹೋಯ್ತು ಅಂದ್ಕೋತೀವಿ. ಸೆಟ್ಟಿಂಗ್ಸ್‌ನಲ್ಲಿ ಆಂಟೆನಾ ಆರಿಸಿ ಸ್ಕ್ಯಾನ್ ಒತ್ತಿ, ಎಷ್ಟೋ ಸಲ ಅಷ್ಟಕ್ಕೇ ವಾಪಸ್ ಬರುತ್ತೆ.

ಆಮೇಲೆ ಟೀವಿ ಮಾಡೆಲ್ ನಂಬರ್ ನೋಡಿ. 4ಕೆ ಅಂತ ಬರೆದಿದೆ ಅಂದ್ರೆ ಈ ಟ್ಯೂನರ್ ಇದೆ ಅಂತಲ್ಲ, ಎಲ್‌ಜಿ ಅಂತೂ ಪೇಟೆಂಟ್ ಕೇಸಿಂದಾಗಿ 2024ರ ಮಾಡೆಲ್‌ಗಳಿಂದ ಇದನ್ನ ತೆಗೆದೇಬಿಡ್ತು.

ಟ್ಯೂನರ್ ಇಲ್ಲದಿದ್ರೆ, ಹೊಸ ಸಿಗ್ನಲ್ ನೋಡೋಕೆ ಈ ಟ್ಯೂನರ್ ಇರೋ ಡಬ್ಬಿ ಬೇಕು, ಆಂಟೆನಾ ವೈರ್ ಡಬ್ಬಿಗೆ, ಡಬ್ಬಿಯಿಂದ ಎಚ್‌ಡಿಎಂಐ ಟೀವಿಗೆ, ಮತ್ತೆ ಸ್ಕ್ಯಾನ್. ಆದ್ರೆ ದುಡ್ಡು ಕೊಡೋ ಮುಂಚೆ ಎರಡು ವಿಷಯ ಕೇಳಲೇಬೇಕು. ಒಂದು, ಡಿಆರ್‌ಎಂ ಅಂದ್ರೆ ಅನುಮತಿ ಪಡೆದ ಸಾಧನದಲ್ಲಿ ಮಾತ್ರ ನೋಡೋಕಾಗೋ ಹಾಗೆ ಬೀಗ ಹಾಕಿರೋ ಚಾನೆಲ್‌ ಬರುತ್ತಾ, ಅದಕ್ಕೆ ಇಂಟರ್ನೆಟ್ ಬೇಕಾ ಅಂತ. ಇನ್ನೊಂದು, ಹೊಸ ಪ್ರಸಾರದ ಸೌಂಡ್ ಬರೋ ಡಾಲ್ಬಿ ಎಸಿ-4 ಅನ್ನೋ ವಿಧಾನ ಆ ಡಬ್ಬಿಗೆ ಗೊತ್ತಾಗುತ್ತಾ ಅಂತ, ನಮ್ಮನೇಲಿ ಚಿತ್ರ ಚೆನ್ನಾಗೇ ಬಂತು, ಸದ್ದೇ ಇಲ್ಲ, ಅರ್ಧ ಗಂಟೆ ವೈರ್ ಕಿತ್ತು ಹಾಕಿದ್ಮೇಲೆ ಗೊತ್ತಾಗಿದ್ದು ಇದು. ಜನರಿಗೇ ಸೇರಿದ ರೇಡಿಯೋ ತರಂಗಗಳಲ್ಲಿ ಪುಕ್ಕಟೆ ಬರೋ ಟೀವಿಗೆ ಬೀಗ ಹಾಕೋದು ತಪ್ಪು ಅಂತಲೇ ನನ್ನ ಅಭಿಪ್ರಾಯ, ವಯಸ್ಸಾದ ಅಪ್ಪ ಅಮ್ಮ ಇಂಟರ್ನೆಟ್ ಇಲ್ಲದೆ ನ್ಯೂಸ್ ನೋಡೋಕಾಗ್ಬೇಕು.

ಹಳೇ ಪ್ರಸಾರವನ್ನ ದೊಡ್ಡ 55 ಮಾರ್ಕೆಟ್‌ಗಳಲ್ಲಿ 2028ರ ಫೆಬ್ರವರಿಗೆ ನಿಲ್ಲಿಸಿ ಅಂತ ಪ್ರಸಾರಕರ ಸಂಘ 2025ರಲ್ಲಿ ಎಫ್‌ಸಿಸಿಗೆ ಅರ್ಜಿ ಹಾಕಿತ್ತು. ಅದು ಅವರು ಕೇಳಿದ ತಾರೀಖು ಅಷ್ಟೇ, ಅದನ್ನ ನೋಡಿ ಹೆದರಿ ಇವತ್ತೇ ಟೀವಿ ಬದಲಾಯಿಸ್ಬೇಡಿ, ಹೇಗೂ ಹೊಸ ಟೀವಿ ತಗೊಳ್ಳೋರಿದ್ರೆ ಮಾತ್ರ ನೆಕ್ಸ್ಟ್‌ಜೆನ್ ಗುರುತು ಇರೋದನ್ನೇ ಕೇಳಿ ತಗೊಳ್ಳಿ.