ದಾರ ಹಿಡಿದು ಅಮೆರಿಕದ ದೂರ ಅಳೆಯಿರಿ

ಮಲೆನಾಡಿನವರಿಗೆ ದೂರವನ್ನು ಕಿಲೋಮೀಟರಿನಲ್ಲಿ ಹೇಳಿದರೆ ಸಮಾಧಾನವಿಲ್ಲ. ‘ಎಷ್ಟು ಹೊತ್ತಿನ ದಾರಿ?’ ಎಂದೇ ಕೇಳುತ್ತೇವೆ. ಅಂಬಾರಗೋಡ್ಲಿನಲ್ಲಿ ನಿಂತರೆ ಶರಾವತಿ ಹಿನ್ನೀರಿನ ಆಚೆ ದಡ ಎದುರಿಗೇ ಕಾಣುತ್ತದೆ. ಆದರೂ 2025ರಲ್ಲಿ ಸೇತುವೆ ಆಗುವವರೆಗೆ ಲಾಂಚ್ ತಪ್ಪಿದರೆ ಸುತ್ತಿ ಬಳಸಿ ಹೋಗಬೇಕಿತ್ತು. ವಿಮಾನಕ್ಕೆ ಇಷ್ಟೊಂದು ಸುತ್ತಾಟವಿಲ್ಲ. ಅದಕ್ಕೇ ಅದರ ಲೆಕ್ಕ ಸುಲಭ. ಮಗಳೋ ಅಳಿಯನೋ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದಾರೆ ಎಂದುಕೊಳ್ಳಿ. ಈಗ ಯಾವ ಊರಿನಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ, ಅಲ್ವಾ?

ಮೊದಲು ದೂರ. ಗೋಡೆಯ ನಕ್ಷೆ ನಂಬಬೇಡಿ, ಮಕ್ಕಳ ಗ್ಲೋಬ್ ತೆಗೆದುಕೊಳ್ಳಿ. ಭೂಮಧ್ಯರೇಖೆಗೆ ದಾರ ಸುತ್ತಿ ಅಳೆಯಿರಿ. ಆ ಉದ್ದವೆಂದರೆ ಸುಮಾರು 40,000 ಕಿ.ಮೀ. ಈಗ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಒತ್ತಿ ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರದ ನಡುವೆ ಹೋಗದೆ ತಾನೇ ಉತ್ತರಕ್ಕೆ ಜಾರುತ್ತದೆ. ಅದೇ ಅತಿ ಹತ್ತಿರದ ದಾರಿ. ಚಕ್ಕೋತ ಹಣ್ಣಿನ ಮೇಲೆ ಎರಡು ಚುಕ್ಕಿ ಇಟ್ಟರೂ ಈ ತಮಾಷೆ ನೋಡಬಹುದು, ಅಳತೆ ಮಾತ್ರ ಸಿಗದು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾ ವಿಮಾನವನ್ನು ಅಲ್ಲಿಂದ ಬೆಂಗಳೂರಿಗೆ ನೇರವಾಗಿ ತಂದದ್ದು ಉತ್ತರ ಧ್ರುವದ ಮೇಲಿಂದಲೇ.

ನಿಮ್ಮ ಗ್ಲೋಬಿನ ಸುತ್ತಳತೆ 100 ಸೆಂ.ಮೀ. ಇದ್ದರೆ ಈ ದಾರ 35 ಸೆಂ.ಮೀ. ಬರುತ್ತದೆ. ಅಂದರೆ 14,000 ಕಿ.ಮೀ.

ಆಮೇಲೆ ಹೊತ್ತು. ಜೆಟ್ ವಿಮಾನಕ್ಕೆ ಗಂಟೆಗೆ 850 ಕಿ.ಮೀ. ಹಿಡಿಯಿರಿ. ಏರಲು, ಇಳಿಯಲು ಅರ್ಧ ಗಂಟೆ ಸೇರಿಸಿ. 14,000 ಕಿ.ಮೀ.ಗೆ 17 ಗಂಟೆ ಬಂತು. ಬೆಂಗಳೂರಿನಿಂದ ದೆಹಲಿ 1,700 ಕಿ.ಮೀ., ಅಂದರೆ ಎರಡೂವರೆ ಗಂಟೆ. ಟಿಕೆಟ್‌ನಲ್ಲಿ ಸ್ವಲ್ಪ ಜಾಸ್ತಿ ಇರುತ್ತದೆ, ರನ್‌ವೇಗೆ ಹೋಗುವ ಹೊತ್ತೂ ಅದರಲ್ಲಿ ಸೇರಿದೆ. ನಮ್ಮ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ ವಿಮಾನವಾದರೆ ವೇಗ ಸುಮಾರು 500. ದೂರ 240 ಕಿ.ಮೀ. ಒಟ್ಟು ಒಂದು ಗಂಟೆ ಸಾಕು.

ಗಾಳಿಯನ್ನೂ ಮರೆಯಬೇಡಿ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಹಾಗಾಗಿ ಲಂಡನ್‌ಗೆ ಹೋಗುವುದಕ್ಕಿಂತ ಬರುವುದು ಬೇಗ.

ಎಲ್ಲರೂ ಎಡವುವುದು ಗಡಿಯಾರದಲ್ಲಿ. ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ. ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಬೇಸಿಗೆಯಲ್ಲಿ ಮಧ್ಯಾಹ್ನ 2ಕ್ಕೆ ಬೆಂಗಳೂರಿನಿಂದ ನೇರವಾಗಿ ಹಾರಿದರೆ ಅಲ್ಲಿ ಅದೇ ದಿನ ಸಂಜೆ 6.30ಕ್ಕೆ ಇಳಿಯುತ್ತೀರಿ. ‘ನಾಲ್ಕೂವರೆ ಗಂಟೆಯಾ? ನಮ್ಮ ರೈಲೂ ಬೆಂಗಳೂರಿಗೆ ಅಷ್ಟೇ ಹೊತ್ತು ತಗೊಳತ್ತಲ್ಲ!’ ಎಂದು ಅಜ್ಜ ಕೇಳಿದರೆ ನಗಬೇಡಿ. ಇಳಿದ ಸಮಯಕ್ಕೆ ಹನ್ನೆರಡೂವರೆ ಕೂಡಿಸಿ, ನಮ್ಮಲ್ಲಿ ಮರುದಿನ ಬೆಳಗ್ಗೆ 7 ಎಂದು ತೋರಿಸಿ.

ಇನ್ನು ಮನೆಯಿಂದ ವಿಮಾನದವರೆಗಿನ ಹೊತ್ತು. ವಿದೇಶಕ್ಕೆ ಮೂರು ಗಂಟೆ ಮೊದಲೇ ದೇವನಹಳ್ಳಿಯಲ್ಲಿರಬೇಕು. 2ರ ವಿಮಾನಕ್ಕೆ 11 ಗಂಟೆ ಆಯಿತು. ಶಿವಮೊಗ್ಗದಿಂದ ಕಾರಿಗೆ ಆರು ಗಂಟೆ ಇಟ್ಟುಕೊಂಡರೆ ಬೆಳಗಿನ ಜಾವ 5ಕ್ಕೇ ಹೊರಡಬೇಕು. ತೀರ್ಥಹಳ್ಳಿಯವರು ಮೂರೂವರೆಗೆ. ಮಳೆಗಾಲವಾದರೆ ರಾತ್ರಿ ಊಟ ಮುಗಿಸಿಯೇ ಹೊರಟುಬಿಡಿ.